ಹಾಸು ಇಳಿಯದ ಸಾಲುಮನೆ

ಪಕ್ಕದ ಮನೆಯವರು ಹುಣಸೆಬೀಜ ಹುರಿಯುತ್ತಿದ್ದರು. ದೇವರ ಮುಂದೆ ಬತ್ತಿ ಹೊಸೆಯುತ್ತಾ ಕೂತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ಕೈ ಅಲ್ಲೇ ನಿಂತಿತು. ಒಂಚೂರು ಸುಟ್ಟಿದ್ದು, ಒಂಚೂರು ಸಿಹಿ, ಒಳಗೆಲ್ಲೋ ಒಗರು. ಕಂಬಳಿ ನೇಯುವ ಕೇರಿಯಲ್ಲಿ ಬೆಳೆದವರು ನಿಮ್ಮಲ್ಲಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡಉಳ್ಳಾರ್ತಿಯ ನಮ್ಮ ಸಾಲುಮನೆಗಳಲ್ಲಿ ಬೆಳಗಾಗುತ್ತಿದ್ದದ್ದೇ ಈ ವಾಸನೆಯಿಂದ. ಹುರಿದ ಬೀಜದ ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಅಂಬಲಿಯ ಹಾಗೆ ಕುದಿಸಿದರೆ ಗಂಜಿ ಆಗುತ್ತದೆ. ನೇಯಲು ಸಾಲಾಗಿ ಜೋಡಿಸಿದ ಉಣ್ಣೆಯ ಎಳೆಗಳಿಗೆ ನಾವು ಹಾಸು ಅನ್ನುತ್ತೇವೆ. ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು ಒಣಗಿಸಿದರೇನೇ ಮಗ್ಗದಲ್ಲಿ ಎಳೆ ತಾಳುತ್ತದೆ. ಅದು ಒಣಗುವ ತನಕ ಬೈಕಿನವರೂ ಬೇರೆ ಬೀದಿ ಹಿಡಿಯುತ್ತಿದ್ದರು. ಕುರಿಮರಿಗಳು ಮಾತ್ರ ಕೆಳಗೆ ತೂರಿಕೊಂಡು ಹೋಗುತ್ತಿದ್ದವು.

ಆ ಮನೆಗಳು ನಮ್ಮವಲ್ಲ, ಊರ ಗೌಡರವು. ನಾವು, ಗೋಡೆ ಪಕ್ಕದ ತಿಪ್ಪಕ್ಕನ ಮನೆಯವರು, ಅದರಾಚೆಯವರು, ಎಲ್ಲರೂ ಬಾಡಿಗೆಯವರು. ಆದರೆ ಮನೆಮನೆಯ ನೆಲದಲ್ಲೂ ಒಂದೊಂದು ಕುಣಿ ಇತ್ತಲ್ಲ, ಅದು ನಮ್ಮದು. ನೇಯುವವರು ಕಾಲು ಇಳಿಬಿಟ್ಟು ಕೂರುವ ಕುಣಿ. ನಮ್ಮದನ್ನು ಮುತ್ತಜ್ಜ ತೋಡಿದ್ದಂತೆ. ಅಪ್ಪ ಊಟಕ್ಕೆ ಎದ್ದಾಗ ನಾನು ಇಳಿದು ಕೂರುತ್ತಿದ್ದೆ. ಸುಡುಬಿಸಿಲಿನ ದಿನವೂ ಅಲ್ಲಿ ತಣ್ಣಗೆ. ಇದು ತಿಪ್ಪಕ್ಕನ ಮನೆ ಕುಣಿಗೆ ಒಳಗೊಳಗೇ ಸೇರುತ್ತಾ, ಮಳೆಗಾಲದಲ್ಲಿ ನೀರು ಯಾಕೆ ಬರಲ್ಲ ಅಂತ ಕೇಳಿ ಕೇಳಿ ನಮ್ಮಜ್ಜಿ ಈರಜ್ಜಿಯ ತಲೆ ತಿನ್ನುತ್ತಿದ್ದೆ. "ಭೂಮ್ತಾಯಿ ಕಾಲಿಡಾಕೆ ಜಾಗ ಕೊಟ್ಟವ್ಳೆ. ಕೈ ಮುಗ್ದು ಮ್ಯಾಕ್ ಬಾ," ಅನ್ನೋಳು ಅಜ್ಜಿ. ಬೇರೆ ಬಾಡಿಗೆ ಮನೆ ಹುಡುಕೋಣ ಅಂದರೆ ಎಲ್ಲ ಕಡೆ ಸಿಮೆಂಟು ನೆಲ ಬಂದಿತ್ತು. ನೆಲ ಅಗೆಯುತ್ತೇವೆ ಅನ್ನುವವರಿಗೆ ಮನೆ ಕೊಡೋರು ಯಾರು? ಮನೆ ಬಿಟ್ಟರೆ ಕುಣಿ ಹೋಗುತ್ತಿತ್ತು, ಅದರ ಜೊತೆಗೆ ಕಸುಬೂ.

ಕುರಿ ಮೇಯುವ ಕಾವಲಿನ ಕಡೆ ದೊಡ್ಡ ದೊಡ್ಡ ಕಾಂಪೌಂಡು ಏಳತೊಡಗಿದಾಗ ಊರಿನ ಜಾಗಕ್ಕೆಲ್ಲ ಬೆಲೆ ಬಂತು. ಒಂದು ಬೆಳಗ್ಗೆ ಗೌಡರ ಮಗ ಬಂದ. ಚಿಕ್ಕವನಿದ್ದಾಗ ನಮ್ಮಜ್ಜಿಯ ಕೈಲಿ ಮುದ್ದೆ ಉಂಡವನು, ತಲೆ ತಗ್ಗಿಸಿಕೊಂಡೇ ಹೇಳಿದ. "ಈರಜ್ಜಿ, ಇವ್ನೆಲ್ಲ ಕೆಡವಿ ಅಂಗಡಿ ಕಟ್ಟಿಸ್ತೀನಿ. ನೀವು ಬ್ಯಾರೆ ಕಡೆ ನೋಡ್ಕಳ್ರಿ."

ಅಜ್ಜಿ ರಾಟೆ ನಿಲ್ಲಿಸಲಿಲ್ಲ. "ಮಗ್ಗದ ಮ್ಯಾಲೆ ಹಾಸೈತಪ್ಪ."

"ಗೊತ್ತು. ಅದು ಇಳೀಲಿ, ಆಮ್ಯಾಕೆ ಬಿಡ್ರಿ."

ನಮ್ಮ ಕಡೆ ಹಾಸು ಏರಿದ ಮಗ್ಗವನ್ನು, ನೇಯ್ದು ಮುಗಿಸಿ ಇಳಿಸುವ ತನಕ ಯಾರೂ ಎಬ್ಬಿಸುವುದಿಲ್ಲ. ದೇವರ ಗದ್ದುಗೆಗೆ ಹಾಸುವ ಕಂಬಳಿಯೂ ಆ ಎಳೆಯದೇ ತಾನೆ. ಅವನು ಒಪ್ಪದಿದ್ದರೂ ಅವನ ತಾಯಿ, ದೊಡ್ಡ ಗೌಡ್ತಿ, ಆ ಎಳೆಗೆ ಕತ್ತರಿ ಹಾಕಲು ಬಿಡುತ್ತಿರಲಿಲ್ಲ. ಅವನು ಅತ್ತ ಹೋಗುತ್ತಲೇ ತಿಪ್ಪಕ್ಕ ಬಾಗಿಲಿಗೆ ಬಂದು, "ಇಳೀಲಿ ಅಂದ್ನಲ್ಲ, ನಾವು ಇಳಿಸ್ದೇ ಇದ್ರೆ?" ಅಂದಳು.

ಅಲ್ಲಿಂದ ಶುರುವಾಯಿತು. ಮೊದಲೆಲ್ಲ ಒಂದು ಕಂಬಳಿ ಇಳಿದರೆ ಮಗ್ಗ ಬರಿದು ಮಾಡಿ, ಗುಡಿಸಿ, ಪೂಜೆ ಮಾಡಿ, ನಿಧಾನಕ್ಕೆ ಮುಂದಿನ ಹಾಸು ಏರಿಸುತ್ತಿದ್ದರು. ಈಗ ಹಳೆಯ ಹಾಸಿನ ತುದಿಯನ್ನು ಮಗ್ಗದಲ್ಲೇ ಉಳಿಸಿಕೊಂಡು, ಹೊಸ ಹಾಸನ್ನು ಒಂದೊಂದೇ ಎಳೆ ಹಿಡಿದು ಅದಕ್ಕೆ ಹೊಸೆದು ಸೇರಿಸುವುದು. ಯಾರ ಮನೆಯದು ಮುಗಿಯುತ್ತಾ ಬಂದರೂ ಕೇರಿಯ ಹೆಂಗಸರೆಲ್ಲ ಅಲ್ಲಿಗೆ. ಬೆರಳು ಜಾರದ ಹಾಗೆ ಅವ್ವ ದೇವರ ಗೂಡಿನಿಂದ ವಿಭೂತಿ ತಂದಿಡುತ್ತಿದ್ದಳು. ಹಳೇದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಹುಟ್ಟಿತು ಅಂತ ನಾನು ಮೂಗು ತಾಗಿಸಿ ಹುಡುಕಿದರೂ ಗೊತ್ತಾಗುತ್ತಿರಲಿಲ್ಲ. ಗೌಡರ ಮಗ ಆಗಾಗ ಇಣುಕುವನು.

"ಇನ್ನೂ ಇಳಿದಿಲ್ವಾ?"

"ಭಾಳ ಉದ್ದನ್ನ ಮನುಷ್ಯಂಗೆ ನೇಯ್ತಿದೀವಿ ಗೌಡ್ರೆ," ಅನ್ನೋಳು ತಿಪ್ಪಕ್ಕ, "ಎಷ್ಟು ನೇಯ್ದ್ರೂ ಕಾಲು ಮುಚ್ತಿಲ್ಲ." ಅವನಿಗೂ ನಗು ತಡೆಯದೆ ಬೈಕು ತಿರುಗಿಸಿಕೊಂಡು ಹೋಗುತ್ತಿದ್ದ.

ಆ ವರ್ಷ ಮಳೆ ಕೈಕೊಟ್ಟು, ಕುರಿಯವರು ಮಂದೆ ಹೊಡೆದುಕೊಂಡು ದೂರ ಹೋಗಿಬಿಟ್ಟರು. ಕೇರಿಯಲ್ಲಿ ಉಣ್ಣೆ ಮುಗಿಯಿತು. ಅಪ್ಪನ ಮಗ್ಗದಲ್ಲಿ ಗೇಣುದ್ದ ಹಾಸು ಉಳಿದಿತ್ತು. ಅಪ್ಪ ನೇಯುವುದನ್ನು ನಿಲ್ಲಿಸಿ ಸುಮ್ಮನೆ ಕುಣಿಯಲ್ಲಿ ಕೂತಿರುತ್ತಿದ್ದ. ಅಜ್ಜಿ ನನ್ನ ಕೈ ಹಿಡಿದು ಆಂಧ್ರದ ಗಡಿಯ ದೇವಸಮುದ್ರಕ್ಕೆ ಬಸ್ಸು ಹತ್ತಿದಳು. ಅಲ್ಲಿಗೆ ಕೊಟ್ಟಿದ್ದ ಅವಳ ತಂಗಿಗೆ ಅರ್ಧ ನಾಲಿಗೆ ತೆಲುಗಾಗಿತ್ತು. ಸುದ್ದಿ ಕೇಳಿ, ಮಗನ ಮದುವೆಯ ಕಂಬಳಿಗೆಂದು ಎತ್ತಿಟ್ಟಿದ್ದ ಉಣ್ಣೆಯ ಮೂಟೆಯನ್ನು ಅಟ್ಟದಿಂದ ಇಳಿಸಿದಳು. "ತೀಸ್ಕೋ ಅಕ್ಕಾ, ತಗಂಡೋಗು. ಇವನಿಗಿನ್ನೂ ಹೆಣ್ಣೇ ಒಪ್ಪಿಲ್ಲ, ಕಂಬಳಿ ಯಾತಕ್ಕೆ," ಅಂದಳು. ವಾಪಸ್ ಬರುವಾಗ ಕಂಡಕ್ಟರು, "ಅಜ್ಜಿ, ಬಸ್ಸೆಲ್ಲ ಕುರಿ ವಾಸ್ನೆ," ಅಂತ ಗೊಣಗಿದ. ಅಜ್ಜಿ ಮೂಟೆ ತಬ್ಬಿಕೊಂಡೇ, "ಚಳೀಲಿ ನಿಮ್ಮಪ್ಪ ಹೊದ್ದಿದ್ದೂ ಇದ್ನೇ ಕಣಪ್ಪ," ಅಂದಳು.

ಮನೆಗೆ ಬಂದರೆ ದೊಡ್ಡ ಗೌಡ್ತಿ ಕೋಲು ಊರಿಕೊಂಡು ನಮ್ಮ ಕಟ್ಟೆಯ ಮೇಲೆ ಕೂತಿದ್ದರು, ಪಕ್ಕದಲ್ಲಿ ಮಗ. "ಎಷ್ಟ್ ದಿನ ಈ ಆಟ ಈರಿ?" ಅಂದರು. ಅಜ್ಜಿ ಮೂಟೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಕುಣಿ ಹೊತ್ಕಂಡ್ ಹೋಗಂಗಿದ್ರೆ ಅವತ್ತೇ ಹೋಗಿರ್ತಿದ್ವಿ ಅವ್ವಾ," ಅಂದಳು. ಗೌಡ್ತಿ ಮೂಟೆಯೊಳಗೆ ಕೈ ಹಾಕಿ ಉಣ್ಣೆ ಹಿಸುಕಿ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ಅಂಗಡಿ ರಸ್ತೆ ಮಗ್ಗುಲಿಗೆ ಕಟ್ಕೋ ಹೋಗು. ಇವ್ರು ನೇಯೋ ತಂಕ ಇರ್ಲಿ," ಅಂದರು. ನಮ್ಮವ್ವ ಒಳಗೆ ಹೋಗಿ ಮಾರಮ್ಮನಿಗೆ ದೀಪ ಹಚ್ಚಿದಳು.

ಆ ಮಾತಿನ ನೆರಳಲ್ಲಿ ವರ್ಷಗಟ್ಟಲೆ ಇದ್ದೆವು. ಗೌಡ್ತಿ ಹೋದರು, ಅಜ್ಜಿ ಹೋದಳು, ಆಮೇಲೂ ಯಾರೂ ಏಳಿ ಅನ್ನಲಿಲ್ಲ. ಅಷ್ಟರಲ್ಲಿ ಮೆತ್ತನೆಯ ಬಣ್ಣದ ರಗ್ಗುಗಳು ಸಂತೆಗೆ ಬಂದವು. ತಿಪ್ಪಕ್ಕನ ಮಕ್ಕಳು ಗಾರೆ ಕೆಲಸಕ್ಕೆ ಹೋದರು. ಅಪ್ಪನ ಮಂಡಿಯೂ ಸೋತಿತು. ಒಂದು ಹಾಸು ತುದಿಗೆ ಬಂದಾಗ ಯಾರೂ ವಿಭೂತಿ ತರಲಿಲ್ಲ. ಆ ಕಂಬಳಿ ಇಳಿಸಿದ ದಿನವೇ ಅಪ್ಪ ಬೀಗದ ಕೈ ಕೊಡಲು ಹೊರಟ. ಗೌಡರ ಮಗನಿಗೂ ಕೂದಲು ನೆರೆತಿತ್ತು. "ಇರ್ರಿ ಮಾವ, ನಾನೇನ್ ಬಿಡ್ರಿ ಅಂದ್ನಾ?" ಅಂದನಂತೆ. "ನೇಯೋ ತಂಕ ಅಂದಿದ್ರು ನಿಮ್ಮವ್ವ," ಅಂದನಂತೆ ಅಪ್ಪ.

ಇವತ್ತು ಚಳ್ಳಕೆರೆಯಲ್ಲಿ ನಮ್ಮದೇ ಎರಡು ಕೋಣೆ ಇದೆ, ನಲ್ಲಿಯಲ್ಲಿ ನೀರು ಬರುತ್ತದೆ, ಬೆಳಗಿನ ಬಿಸಿಲು ದೇವರ ಗೂಡಿಗೇ ಬೀಳುತ್ತದೆ. ಸ್ವಾಮಿ ಕೊಟ್ಟಿದ್ದಕ್ಕೆ ಕಡಿಮೆ ಅನ್ನಬಾರದು. ಆದರೂ ಬಿಟ್ಟುಬಂದ ಆ ದಿನ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಕುಣಿ ಮುಚ್ಚಿಕೊಡುವುದು ನಮ್ಮ ಧರ್ಮ ಅಂತ ಅಪ್ಪ ಹೊಲದ ಮಣ್ಣು ತಂದಿದ್ದ. ಮಗ್ಗದ ಮರ, ಕಾಲುಮಣೆ ಎಲ್ಲ ತೆಗೆದ ಮೇಲೆ ಕುಣಿಯ ತಳ ಮೊದಲ ಸಲ ಪೂರ್ತಿ ಕಂಡಿತು. ಅಲ್ಲಿ ಹಿಮ್ಮಡಿಯಷ್ಟು ಅಗಲದ ಎರಡು ಗುಳಿಗಳಿದ್ದವು, ಒರೆಸಿದ ಹಾಗೆ ನುಣುಪಾಗಿ. ಸವೆಸಿದ ಹಿಮ್ಮಡಿ ಮುತ್ತಜ್ಜನದೋ, ಅಜ್ಜನದೋ, ಅಪ್ಪನದೋ, ಬಿಡಿಸಿ ಹೇಳಲಾಗದು. ಅಪ್ಪ ಬುಟ್ಟಿ ಎತ್ತಿದವನು ಹಾಗೇ ನಿಂತ. ಆಮೇಲೆ ಮೊದಲ ಮಣ್ಣನ್ನು ಅವೆರಡನ್ನೂ ಬಿಟ್ಟು, ಪಕ್ಕಕ್ಕೆ ಸುರಿದ.