ಸಮುದ್ರದ ಮನೆ ಮತ್ತು ಒಂದು ಚೊಂಬು ನೀರು

ಅವರೆಕಾಳು ಹಿತುಕುತ್ತ ಕೂತಿದ್ದೆ. ಬೆಳಿಗ್ಗೆಯೇ ನೆನೆಹಾಕಿದ ಕಾಳು. ಒಂದು ಕಡೆ ಸಿಪ್ಪೆ, ಇನ್ನೊಂದು ಕಡೆ ಬೇಳೆ. ಈ ಕೆಲಸದಲ್ಲಿ ಒಂದು ಸುಖವಿದೆ. ಕೈ ತನ್ನ ಪಾಡಿಗೆ ನಡೆಯುತ್ತದೆ, ಬಾಯಿಗೆ ರಂಗನಾಥನ ಹೆಸರು ಹೇಳಿಕೊಳ್ಳಲು ಪುರುಸೊತ್ತು ಸಿಗುತ್ತದೆ.

ಯಜಮಾನರು ಪಾಂಡವಪುರದ ಆಫೀಸು ಮುಗಿಸಿಕೊಂಡು ಬಂದವರು ಚಪ್ಪಲಿಯನ್ನೂ ಬಿಡದೆ ಹೊಸಿಲಾಚೆಯೇ ನಿಂತರು.

"ಮಾರೋಯ್ತಂತೆ ಕಣೆ."

"ಯಾವ್ದು?"

"ಸಮುದ್ರದ ಮನೆ. ಬೊಂಬಾಯಿಯೋರು ಯಾರೋ ತಕಂಡ್ರಂತೆ. ನಮಗೇಳಿದ್ದುಕ್ಕಿಂತ ಜಾಸ್ತಿಗೆ."

ಸಾವಿನ ಸುದ್ದಿ ಹೇಳುವವರ ದನಿ. ನನ್ನ ಕೈ ನಿಂತಿತು. ನಿಂತಿದ್ದು ದುಃಖಕ್ಕಲ್ಲ, ಅನುಮಾನಕ್ಕೆ. (ನಿಮಗೆ ನನ್ನ ಸ್ವಭಾವ ಗೊತ್ತೇ ಇದೆ. ಪುಕ್ಕಟೆ ಕೊಟ್ಟ ಕರಿಬೇವನ್ನೂ ತಿರುಗಿಸಿ ನೋಡುವವಳು ನಾನು.)

ಮೊದಲಿನಿಂದ ಹೇಳುತ್ತೇನೆ.

ಯಜಮಾನರಿಗೆ ರಿಟೈರ್ಮೆಂಟು ಹತ್ತಿರ ಬಂತು. ಮದುವೆಯಾದಾಗಿನಿಂದ ನಾವು ಶ್ರೀರಂಗಪಟ್ಟಣದ ಕೋಟೆಯೊಳಗೆ ಬಾಡಿಗೆ ಮನೆಯಲ್ಲೇ ಇರುವವರು. ಸ್ವಂತದ್ದೊಂದು ಸೂರು ಬೇಕು ಅನ್ನುವುದು ಇಬ್ಬರಿಗೂ ಇತ್ತು. ನಾನು ಇಲ್ಲೇ ಎಲ್ಲಾದರೂ ಅಂದುಕೊಂಡಿದ್ದೆ. ಅವರು ಆಫೀಸಿನವರ ಜೊತೆ ಒಮ್ಮೆ ಟೂರ್ ಹೋಗಿ ಸಮುದ್ರದಲ್ಲಿ ಮೊಣಕಾಲು ನೆನೆಸಿಕೊಂಡು ಬಂದಿದ್ದರು. ಅವತ್ತಿನಿಂದ ಹೊಳೆ ಅವರಿಗೆ ಸಣ್ಣದಾಗಿ ಕಾಣತೊಡಗಿತು.

ಅವರ ಆಫೀಸಿನಲ್ಲಿ ಸುಬ್ರಾಯರು ಅಂತ ಕರಾವಳಿಯವರು ಒಬ್ಬರಿದ್ದಾರೆ. ಅವರ ಕಡೆಯಿಂದ ಬಂದ ಮನೆ ಇದು. ಚಿಕ್ಕ ಹಳ್ಳಿ. ಒಂದು ಬೀದಿ, ಒಂದು ದೇವಸ್ಥಾನ, ಒಂದು ಎಸ್‌ಟಿಡಿ ಬೂತು, ಆಮೇಲೆ ಬರೀ ನೀರು. ಬೆಲೆ ಮಾತ್ರ ಪೇಟೆಯದು. ಅಷ್ಟಕ್ಕೆ ಇಲ್ಲಿ ಎರಡು ಮನೆ ಬರುತ್ತಿತ್ತು. ಏಕೆ ಅಂತ ಕೇಳಿದರೆ, ಕರಾವಳಿಗೆ ರೈಲು ಬರುತ್ತದಂತೆ, ಆಮೇಲೆ ಕೈಗೇ ಸಿಗುವುದಿಲ್ಲವಂತೆ. (ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಇನ್ನೂ ಏರೀತು.)

ದುಡ್ಡು ಸಾಲದಲ್ಲ, ಎಲ್ಲಿಂದ ಬರಬೇಕು? ನಾಗಮಂಗಲದ ಹತ್ತಿರ ನನ್ನ ತಾಯಿ ನನಗೆಂದು ಬಿಟ್ಟುಹೋದ ತೆಂಗಿನ ತೋಟವಿದೆ. ಚಿಕ್ಕದು. ಅಣ್ಣ ನೋಡಿಕೊಳ್ಳುತ್ತಾನೆ. ಗೌರಿ ಹಬ್ಬಕ್ಕೆ ಬಾಗಿನದ ಜೊತೆ ಕಾಯಿ ಕಳಿಸುತ್ತಾನೆ. ನಮ್ಮ ಮನೆ ದೇವರ ಮುಂದೆ ಒಡೆಯುವ ಕಾಯಿ ಅಂಗಡಿಯದಲ್ಲ, ಅಮ್ಮನದು. ಅದನ್ನು ಮಾರಬೇಕು ಅಂತಾಯಿತು.

ಅಣ್ಣನಿಗೆ ಫೋನು ಮಾಡಿದೆ. "ಸಮುದ್ರ ನೋಡಕ್ಕೆ ಮನೆ ಯಾಕಮ್ಮಿ ಬೇಕು?" ಅಂದ. "ಬಸ್ಸಿಗೋಗಿ ನೋಡ್ಕಂಡ್ ಬಾ. ಅದೇನು ಎದ್ದೋದದಾ?"

ದೀಪಾವಳಿ ಮುಗಿಸಿಕೊಂಡು ನಾವಿಬ್ಬರೂ ಮನೆ ನೋಡಲು ಹೊರಟೆವು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಘಾಟಿ ಇಳಿಯುವಾಗ ವಾಂತಿಯಾಗಲಿಲ್ಲ. ಇದೆಲ್ಲ ರಂಗನಾಥನ ದಯೆ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವವಳು ನಾನು.

ಮನೆ ಚೆನ್ನಾಗಿತ್ತು. ಅದೇ ನನ್ನ ಮೊದಲ ಅನುಮಾನ. ಹೆಂಚು ಭದ್ರ, ಜಗುಲಿ ಅಗಲ, ಅಂಗಳದಲ್ಲಿ ತುಂಬಿದ ಬಾವಿ, ಅದರ ಪಕ್ಕ ಮೈತುಂಬ ಹೂ ಬಿಟ್ಟ ದಾಸವಾಳ. ಇಷ್ಟು ಚೆನ್ನಾಗಿರುವ ಮನೆಯನ್ನು ಯಾರಾದರೂ ಯಾಕೆ ಮಾರುತ್ತಾರೆ?

ಮನೆಯೊಡತಿ ದೇವಕಿಯಮ್ಮ. ನನಗಿಂತ ಸ್ವಲ್ಪ ದೊಡ್ಡವರು, ಗಂಡ ತೀರಿಕೊಂಡವರು. ಹುಬ್ಬಳ್ಳಿಯಲ್ಲಿರುವ ಮಗಳ ಮನೆಗೆ ಹೋಗುತ್ತೇನೆ ಅಂದರು. ನಗುತ್ತ ಮಾತಾಡಿದರು. ಹೋದ ತಕ್ಷಣ ಎಳನೀರು ಕೊಟ್ಟರು. ಊಟಕ್ಕೆ ಮುಂಚೆ ಇನ್ನೊಂದು. ಊಟವಾದ ಮೇಲೆ ಮತ್ತೊಂದು.

ಇಲ್ಲಿ ನನಗೆ ಎರಡನೆಯ ಅನುಮಾನ ಶುರುವಾಯಿತು. ನಮ್ಮ ನಾಗಮಂಗಲದ ಕಡೆ ಎಳನೀರನ್ನು ಸುಮ್ಮಸುಮ್ಮನೆ ಕೆಡವುವುದಿಲ್ಲ. ಮರದಲ್ಲೇ ಬಲಿಯಲಿ, ಕೊಬ್ಬರಿಯಾಗಲಿ ಅಂತ ಕಾಯುತ್ತೇವೆ. ಜ್ವರ ಬಂದವರಿಗೆ, ದೇವರಿಗೆ, ಇಲ್ಲ ಹೊಸ ಅಳಿಯನಿಗೆ ಅಷ್ಟೇ. ನಾವು ಮೂರರಲ್ಲಿ ಯಾವುದು? ಆಮೇಲೆ ಇನ್ನೊಂದು ಹೊಳೆಯಿತು. ಮನೆಗೆ ಬಂದವರಿಗೆ ಮೊದಲು ಒಂದು ಲೋಟ ನೀರು ಕೊಡುವುದು ಎಲ್ಲ ಊರಿನ ರಿವಾಜು. ಇಲ್ಲಿ ನೀರಿನ ಲೋಟವೇ ಕಾಣಲಿಲ್ಲವಲ್ಲ?

ಯಜಮಾನರು ಇದ್ಯಾವುದನ್ನೂ ಗಮನಿಸಲಿಲ್ಲ. ಪತ್ರ ನೋಡಿದರು. ಅಟ್ಟ ಹತ್ತಿ ಗೆದ್ದಲು ಹುಡುಕಿದರು. ತೊಲೆ ತಟ್ಟಿದರು. ಬಸ್ಸು ಎಷ್ಟು ಹೊತ್ತಿಗೆ, ಡಾಕ್ಟರು ಎಷ್ಟು ದೂರ, ಎಲ್ಲ ಕೇಳಿದರು. ನೀರಿನ ವಿಷಯ ಒಂದನ್ನು ಬಿಟ್ಟು. ಅವರನ್ನು ಬೈಯಲಾರೆ. ಹೊಳೆಯ ನಡುವಿನ ಊರಿನಲ್ಲಿ ಹುಟ್ಟಿ, ನಾಲೆಯ ದಡದಲ್ಲಿ ನೌಕರಿ ಮಾಡಿದವರು. ಬಾವಿ ತುಂಬಿದೆ ಅಂದರೆ ನೀರಿದೆ ಅಂತಲೇ ಅರ್ಥ, ಇನ್ನು ಕೇಳುವುದೇನು? ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವಾಗಲೂ ಜಮೀನಿಗೆ ನಾಲೆ ಹರಿಯುತ್ತದೋ ಅಂತ ಕೇಳುತ್ತಾರೆಯೇ ಹೊರತು, ಹರಿದದ್ದು ಸಿಹಿಯೋ ಅಂತ ಯಾರೂ ಕೇಳುವುದಿಲ್ಲ.

ಹೊರಡುವ ಹೊತ್ತಾಯಿತು. ಹಬ್ಬದ ರಜೆಗೆ ಊರಿಗೆ ಬಂದಿದ್ದ ಸುಬ್ರಾಯರೂ ಯಜಮಾನರೂ ಜಗುಲಿಯಲ್ಲಿ ರೇಟಿನ ಮಾತಾಡುತ್ತಿದ್ದರು. ಅಂಗಳದಲ್ಲಿ ತುಳಸಿಕಟ್ಟೆಯಿತ್ತು, ಗಿಡ ಸ್ವಲ್ಪ ಬಾಡಿತ್ತು. ಬೇರೆ ಮನೆಗೆ ಹೋದರೂ ತುಳಸಿಗೆ ಒಂದು ಚೊಂಬು ನೀರು ಹಾಕಿ ಸುತ್ತು ಬರುವುದು ನನ್ನ ಅಭ್ಯಾಸ. ಬಾವಿಯಿಂದ ಸೇದಿದೆ, ಚೊಂಬು ತುಂಬಿಸಿದೆ, ಕಟ್ಟೆಯ ಹತ್ತಿರ ಬಂದೆ.

ದೇವಕಿಯಮ್ಮ ಒಳಗಿನಿಂದ ಓಡಿಬಂದು ನನ್ನ ಕೈ ಹಿಡಿದರು.

"ಅದಕ್ಕೆ ಆ ನೀರು ಬೇಡ ಮಾರಾಯ್ತಿ. ಉಪ್ಪುಂಟು. ತುಳಸಿ ಬದುಕೂದಿಲ್ಲ."

ಹೇಳಿದ ಮೇಲೆ ಅವರೇ ಬೆಚ್ಚಿದರು. ಜಗುಲಿಯ ಕಡೆ ನೋಡಿದರು. ನಾನೂ ನೋಡಿದೆ. ಗಂಡಸರಿಗೆ ಕೇಳಿಸಿರಲಿಲ್ಲ.

"ಕುಡಿಯಕ್ಕೆ?" ಅಂದೆ.

"ಗುಡ್ಡದ ಮೇಲಿನ ಬಾವಿಯಿಂದ ತರೂದು. ನನ್ನ ಮಂಡಿ ಹೋದದ್ದು ಹಾಗೇ." ಆಮೇಲೆ ದನಿ ತಗ್ಗಿಸಿ, "ನಿಮ್ಮವರು ಎಲ್ಲ ಕೇಳಿದ್ರು, ಇದೊಂದು ಕೇಳ್ಲಿಲ್ಲ," ಅಂದರು. ನನ್ನ ಕೈಯಿಂದ ಚೊಂಬು ತೆಗೆದುಕೊಂಡು ದಾಸವಾಳದ ಬುಡದಿಂದ ದೂರಕ್ಕೆ ಚೆಲ್ಲಿದರು. ಒಳಗೆ ಮುಚ್ಚಿಟ್ಟ ಕೊಡದಿಂದ ಅರ್ಧ ಚೊಂಬು ತಂದುಕೊಟ್ಟರು. ಅದನ್ನೇ ತುಳಸಿಗೆ ಹಾಕಿದೆ.

ನಾನು ಆಗಲೇ ಬಾಯಿ ಬಿಡಲಿಲ್ಲ. ಅಲ್ಲಿ ಹೇಳಿದರೆ ಸುಬ್ರಾಯರು ಏನಾದರೂ ಸಮಾಧಾನ ಹೇಳಿ ಒಪ್ಪಿಸಿಬಿಡುತ್ತಾರೆ ಅನ್ನುವ ಅನುಮಾನ. ಬಸ್ಸು ಹೊರಟ ಮೇಲೆ ಹೇಳಿದೆ. ಯಜಮಾನರು ಘಾಟಿ ಹತ್ತುವ ತನಕ ಬಸ್ಸಿನ ಟಿಕೀಟು ಮಡಚುತ್ತ ಕೂತರು. ಹತ್ತಿದ ಮೇಲೆ, "ಬಾವಿ ತುಂಬಿತ್ತಲ್ಲ," ಅಂದರು. ಅಷ್ಟೇ. ಸುಬ್ರಾಯರು ರಜೆ ಮುಗಿಸಿ ಆಫೀಸಿಗೆ ಬಂದ ದಿನವೇ ಅವರಿಗೆ ಬೇಡ ಅಂತ ಹೇಳಿ ಬಂದರು. ನಾನು ದೇವರ ಮುಂದೆ ಎರಡು ಕಾಯಿ ಒಡೆದೆ. ಎರಡೂ ನಮ್ಮ ತೋಟದವು.

ಇಲ್ಲಿಗೆ ಕತೆ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿದ್ದರೆ ಈ ವಾರ ನಿಮಗೆ ಬರೆಯಲು ಬೇರೆ ಏನಾದರೂ ಹುಡುಕಬೇಕಿತ್ತು.

ಯಜಮಾನರು ಚಪ್ಪಲಿ ಬಿಟ್ಟು ಒಳಗೆ ಬಂದು, ಅವರೆ ಸಿಪ್ಪೆಯ ಪಕ್ಕದಲ್ಲೇ ಕೂತರು.

"ಒಂದ್ ಮಾತ್ ಕೇಳ್ತೀನಿ. ಆ ನೀರು ನೀನು ಬಾಯಿಗಿಟ್ಟು ನೋಡುದ್ಯಾ?"

"ಇಲ್ಲ."

"ಸುಬ್ರಾಯರು ಅಂತಾರೆ, ಬೇಸಿಗೇಲಿ ಒಸಿ ಉಪ್ಪಾಯ್ತದಂತೆ, ನಿಜವಂತೆ. ಆದ್ರೆ ದೀಪಾವಳಿ ಹೊತ್ಗೆ ಮಳೆ ನೀರೇ ಇರ್ತದಂತೆ. ಇಲ್ದಿದ್ರೆ ಬಾವಿ ಪಕ್ಕದ ದಾಸವಾಳ ಎಂಗೆ ಬದುಕಿತ್ತು ಯೋಳು?"

ನಾನು ಬೇಳೆ ಹಿತುಕಿದೆ.

"ನಾವು ಓಗೋಕ್ ಮುಂಚೆ, ಅದೇ ವಾರ ಬೊಂಬಾಯಿಯೋರೂ ಬಂದು ನೋಡ್ಕಂಡ್ ಓಗಿದ್ರಂತೆ ಕಣೆ. ಆವಮ್ಮಂಗೆ ಅವ್ರು ಜಾಸ್ತಿ ಕೊಡ್ತಾರೆ ಅಂತ ಗೊತ್ತಿತ್ತು. ನಮ್ಮನ್ನ ಸಾಗಾಕ್ಬೇಕಿತ್ತು. ನೀನು ತುಳಸಿ ತಾವ ಸಿಕ್ದೆ."

"ತುಳಸಿ ಮುಂದೆ ಯಾರಾದ್ರೂ ಸುಳ್ಳು ಹೇಳ್ತಾರಾ?"

"ಅದೇನು, ತರಕಾರಿಯೋಳ ತಕ್ಕಡಿಗೆ ಕೈ ಕೊಟ್ಟು ನೋಡೋಳು ನೀನು. ಆಲಿನೋನ ಎದ್ರುಗೇ ಆಲಿಗೆ ಬೆರಳದ್ದಿ ನೋಡೋಳು. ಅವತ್ತು ಒಂದ್ ತೊಟ್ಟು ನಾಲ್ಗೆಗೆ ಇಟ್ಕಳಕ್ಕೆ ಏನಾಗಿತ್ತು?"

ಏನಾಗಿತ್ತು? ಅದನ್ನೇ ಈಗ ಯೋಚಿಸುತ್ತಿದ್ದೇನೆ. ಎಳನೀರನ್ನು ಅನುಮಾನಿಸಿದವಳು, ನಗುವನ್ನು ಅನುಮಾನಿಸಿದವಳು, ಹೆಂಚನ್ನೂ ಬಿಡದವಳು, ಆ ಒಂದು ಮಾತನ್ನು ಮಾತ್ರ ಹಾಗೇ ನಂಬಿಬಿಟ್ಟೆ. ತುಳಸಿಯ ಮುಂದೆ ನಿಂತು ಹೇಳಿದ್ದಕ್ಕೆ ಅಂತ ನಿಮಗೂ ಹೇಳಬಹುದು, ನನಗೂ ಹೇಳಿಕೊಳ್ಳಬಹುದು. ಆದರೆ ಉಪ್ಪುಂಟು ಅಂದ ಕೂಡಲೇ ನನ್ನ ಕಣ್ಣ ಮುಂದೆ ಬಂದದ್ದು ತುಳಸಿಯಲ್ಲ, ಅಮ್ಮನ ತೋಟ. ಉಳಿಯಿತಲ್ಲ ಅನಿಸಿತು. ಬೇಕಾದ ಮಾತು ಕಿವಿಗೆ ಬಿದ್ದಾಗ ಯಾರು ಅದನ್ನು ತೂಗಿ ನೋಡುತ್ತಾರೆ?

ದೇವಕಿಯಮ್ಮನ ಮುಖ ನೆನಪಿದೆ. ಹೇಳಿದ ಮೇಲೆ ಬೆಚ್ಚಿದ್ದು. ಬಾಯಿ ತಪ್ಪಿ ಬಂದದ್ದಕ್ಕೆ ಬೆಚ್ಚಿದರೋ, ಬೆಚ್ಚಿದ ಹಾಗೆ ಮಾಡಿದರೋ? ಮುಚ್ಚಿಟ್ಟ ಕೊಡ ಇದ್ದದ್ದಂತೂ ನಿಜ. ಆದರೆ ಕೊಡವನ್ನು ಎಲ್ಲರ ಮನೆಯಲ್ಲೂ ಮುಚ್ಚಿಯೇ ಇಡುತ್ತಾರಲ್ಲ? ಬೊಂಬಾಯಿಯವರು ನೀರಿನ ವಿಷಯ ಕೇಳಿದರೋ ಇಲ್ಲವೋ, ಅದನ್ನು ಸುಬ್ರಾಯರು ಹೇಳಲಿಲ್ಲ. ಏನೇ ಇರಲಿ, ಆ ತಾಯಿಯ ಮಂಡಿ ವಾಸಿಯಾಗಲಿ. ಅದನ್ನಂತೂ ಮನಸಾರೆ ಬೇಡಿಕೊಂಡಿದ್ದೇನೆ.

"ಸಾರು ಮಾಡು," ಅಂದರು ಯಜಮಾನರು, ಏಳುತ್ತ. "ಸಮುದ್ರ ಓಯ್ತು, ಇತುಕಿದ ಬೇಳೆಯಾದ್ರೂ ಉಣ್ಣಾನ."

ಅಷ್ಟರಲ್ಲಿ ಹಿತ್ತಲ ನಲ್ಲಿ ಗೊರಗುಟ್ಟಿತು. ಸಿಪ್ಪೆ ಕೊಡವಿ ಎದ್ದೆ. ಹಂಡೆ ತೊಳೆದು ನಲ್ಲಿಯ ಕೆಳಗಿಟ್ಟೆ. ಮದುವೆಯಾಗಿ ಬಂದಾಗಿನಿಂದ ಕುಡಿದ ಕಾವೇರಿ ನೀರು, ಅವತ್ತು ಮೊದಲ ಸಲ ಒಂದು ಬೆರಳು ಅದ್ದಿ ನಾಲಿಗೆಗಿಟ್ಟು ನೋಡಿ, ಆಮೇಲೆ ತುಂಬಿಸಿದೆ.