ಇಂದುವಿನ ಮೂವತ್ತನಾಲ್ಕು ರವಿಕೆ

ಲಂಡನ್ನಿನ ಅಂಚಿನಲ್ಲಿರುವ ನಮ್ಮ ಪಿನ್ನರ್‌ನ ಹೆಂಗಸರಿಗೆ ಬಡವರೆಂದರೆ ಬಹಳ ಪ್ರೀತಿ. ಆದರೆ ಆ ಬಡವರು ಐದು ಸಾವಿರ ಮೈಲಿ ದೂರದಲ್ಲಿರಬೇಕು, ಫೋಟೋದಲ್ಲಿ ನಗುತ್ತಿರಬೇಕು. ಬಸ್ಸು ಹಿಡಿದು ಬಂದು ಮನೆಯ ಬೆಲ್ ಒತ್ತುವ ಬಡವರ ವಿಷಯ ಬೇರೆ. ಇಂದು ಎಂಬುವಳು ಹಾಗೆ ಬೆಲ್ ಒತ್ತುತ್ತಿದ್ದವಳು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಇಸ್ತ್ರಿ ಮಾಡಿ ಮಡಿಸಿಟ್ಟ ರವಿಕೆಗಳು, ಅವಳ ಮಾತಿನಲ್ಲಿ ಜಂಪರುಗಳು.

ಅವಳು ಹಳೇ ಹುಬ್ಬಳ್ಳಿಯವಳು. ಗಂಡ ಅಡಿವೆಪ್ಪ ಅಲ್ಲೊಂದು ಖಾನಾವಳಿಯಲ್ಲಿ ಅಡುಗೆಗಿದ್ದ. ಪಿನ್ನರ್ ಪಕ್ಕದ ಹ್ಯಾರೋದಲ್ಲಿ ಹೋಟೆಲು ತೆರೆದ ಪುಣ್ಯಾತ್ಮರೊಬ್ಬರು ವರ್ಕ್ ಪರ್ಮಿಟ್ ಮಾಡಿಸಿ ಅವನನ್ನು ಕರೆಸಿಕೊಂಡರು. ಹಿಂದೆಯೇ, ೧೯೯೯ರಲ್ಲಿ, ಇವಳೂ ಬಂದಳು. ಬರುವಾಗ ಹೊಲಿಗೆ ಯಂತ್ರದ ತಲೆಯನ್ನಷ್ಟೇ ಬಿಚ್ಚಿ, ಹಳೇ ಸೀರೆಯಲ್ಲಿ ಸುತ್ತಿ ಹೊತ್ತು ತಂದಿದ್ದಳು. ಆ ಯಂತ್ರ ಅವಳ ಓಣಿಯ ಮಹಿಳಾ ಸಂಘದಿಂದ ಎರಡೂವರೆ ಸಾವಿರ ರೂಪಾಯಿ ಸಾಲ ತೆಗೆದು ಕೊಂಡದ್ದು. ಐವತ್ತು ವಾರ, ಒಂದು ವಾರವೂ ತಪ್ಪದೆ ಕಂತು ಕಟ್ಟಿ ತೀರಿಸಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳೆಂದು ಸಂಘದ ಲೆಕ್ಕದ ಪುಸ್ತಕ ಬರೆಯುವ ಕೆಲಸವೂ ಅವಳದೇ ಆಗಿತ್ತು. ಹ್ಯಾರೋಗೆ ಹತ್ತಿರದ ವೀಲ್ಡ್‌ಸ್ಟೋನ್‌ನಲ್ಲಿ ಅಂಗಡಿಯೊಂದರ ಮೇಲಿನ ಒಂದೂವರೆ ಕೋಣೆಯಲ್ಲಿ, ಕಿಟಕಿಯ ಪಕ್ಕಕ್ಕೆ ಮೇಜು ಹಾಕಿ, ಆ ತಲೆಗೆ ಮೋಟಾರು ಜೋಡಿಸಿಕೊಂಡು ಹೊಲಿಯಲು ಕೂತಳು.

ಹೊಲಿಗೆ ಬಹಳ ಚೆನ್ನಾಗಿತ್ತು. ಅಳತೆ ತೆಗೆದುಕೊಳ್ಳುವಾಗ ನಮ್ಮ ಸೊಂಟದ ಬಗ್ಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಅದೊಂದು ದೊಡ್ಡ ಗುಣ. ಬೇರೆ ಕಡೆ ಇಪ್ಪತ್ತು ಪೌಂಡ್ ಕೇಳುವ ರವಿಕೆಗೆ ಇವಳು ಹನ್ನೆರಡು ಕೇಳುತ್ತಿದ್ದಳು. ಅದಕ್ಕೂ ಚೌಕಾಸಿ. "ನಮ್ಮ ಮಲ್ಲೇಶ್ವರದಲ್ಲಿ ನೂರು ರೂಪಾಯಿಗೆ ಹೊಲೀತಾರೆ ಕಣಮ್ಮ," ಎಂದು ವೈದೇಹಿ ಹೇಳುವಾಗ ನಾನು ಅಲ್ಲೇ ಇದ್ದೆ. ಮಲ್ಲೇಶ್ವರಕ್ಕೇ ಹೋಗಿ ಹೊಲಿಸಿಕೊಂಡು ಬಾರಮ್ಮ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಈ ವೈದೇಹಿಯ ಗಂಡ ದೊಡ್ಡ ಹೃದಯತಜ್ಞರು. ಹೆಂಡತಿಯ ಹೃದಯವೂ ವಿಶಾಲವೇ. ಕರ್ನಾಟಕದ ಬಡ ಹೆಂಗಸರಿಗೆ ಸಣ್ಣ ಸಾಲ ಕೊಡಲು 'ಮೊದಲ ಮೆಟ್ಟಿಲು' ಎಂಬ ನಿಧಿ ಕಟ್ಟಿ ತಾನೇ ಅಧ್ಯಕ್ಷೆಯಾಗಿದ್ದಳು. ಖಜಾಂಚಿ ಧಾರವಾಡದ ಮೂಳೆ ಡಾಕ್ಟರು ಮಹಾಲಿಂಗಪ್ಪನವರು. ಸಮಿತಿಯಲ್ಲಿ ನಾವು ಏಳು ಜನ ಹೆಂಗಸರು. ಹೌದು, ನಾನೂ ಇದ್ದೆ. ಮೈಸೂರಿನವಳು, ಅರಿವಳಿಕೆ ವೈದ್ಯನ ಹೆಂಡತಿ, ಭಾನುವಾರ ಬೇರೆ ಕೆಲಸವಿರುತ್ತಿರಲಿಲ್ಲ.

ಆ ಸಮಿತಿಯ ಘನಕಾರ್ಯವೊಂದನ್ನು ಹೇಳುತ್ತೇನೆ. ೨೦೦೫ರಲ್ಲಿ ಗದಗಿನ ಕಡೆಯ ಒಂದೇ ಓಣಿಯಲ್ಲಿ ಇಪ್ಪತ್ತು ಹೆಂಗಸರಿಗೆ ಸಾಲ ಕೊಟ್ಟರು. ಇಪ್ಪತ್ತು ಜನಕ್ಕೂ ಹೊಲಿಗೆ ಯಂತ್ರ. ಡಾಕ್ಟರ ಮನೆಯವರಲ್ಲವೇ, ವಾರ್ಡಿಗೆಲ್ಲ ಒಂದೇ ಮಾತ್ರೆ ಬರೆದುಬಿಟ್ಟರು. ಯಂತ್ರದ ಪಕ್ಕ ನಿಂತ ಇಪ್ಪತ್ತು ಹೆಂಗಸರ ಫೋಟೋವನ್ನು ವೈದೇಹಿ ಹೆಮ್ಮೆಯಿಂದ ತೋರಿಸಿದಾಗ ಇಂದು ಬಗ್ಗಿ ನೋಡಿ, "ಓಣ್ಯಾಗ ಮನಿ ಎಷ್ಟ ಅದಾವ್ರಿ ಅಕ್ಕಾರ?" ಎಂದಳು.

"ಒಂದು ನಲವತ್ತಿರಬಹುದು. ಯಾಕೆ?"

"ಏನಿಲ್ರಿ. ಎಲ್ಲಾರೂ ಹೊಲ್ಯಾಕ ಕುಂತ್ರ ಹೊಲಿಸಾವ್ರು ಯಾರು ಅಂತ."

ವೈದೇಹಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತು ತೆಗೆದುಕೊಂಡ ಎರಡು ರವಿಕೆಯ ದುಡ್ಡನ್ನೂ ಕೊಡಲಿಲ್ಲ. "ನೆಕ್ಸ್ಟ್ ಟೈಮ್ ಸೇರಿಸಿ ಸೆಟಲ್ ಮಾಡ್ತೀನಿ, ಆಯ್ತಾ ಇಂದು?" ಎಂದಳು. ನೆಕ್ಸ್ಟ್ ಟೈಮ್ ಎಂಬುದು ನಮ್ಮ ಕಡೆ ಚಲಾವಣೆಯಲ್ಲಿದ್ದ ನಾಣ್ಯ. ಒಬ್ಬಳಿಗೆ ಚೆಕ್ ಪುಸ್ತಕ ಸಿಗುತ್ತಿರಲಿಲ್ಲ, ಇನ್ನೊಬ್ಬಳ ಪರ್ಸು ಕಾರಿನಲ್ಲಿರುತ್ತಿತ್ತು, ಮಗದೊಬ್ಬಳು ಕ್ರಿಸ್ಮಸ್ ಕಳೆಯಲಿ ಎನ್ನುತ್ತಿದ್ದಳು. ಇಂದು ಚಹಾ ಕುಡಿದು, ಬಸ್ಸು ಹಿಡಿದು ಹೋಗುತ್ತಿದ್ದಳು. ಬಡ್ಡಿಯಿಲ್ಲ, ಜಾಮೀನಿಲ್ಲ, ವಾಯಿದೆಯಿಲ್ಲ. ಗದಗಿನವರಿಗೆ ನಾವು ನೂರಕ್ಕೆ ಹದಿನೆಂಟರಂತೆ ಬಡ್ಡಿ ಹಾಕುತ್ತಿದ್ದೆವು.

೨೦೦೬ರ ಅಕ್ಟೋಬರ್‌ನಲ್ಲಿ ಅವಳಿಗೊಂದು ಅವಕಾಶ ಬಂತು. ಹ್ಯಾರೋದ ದಿನಸಿ ಅಂಗಡಿಯೊಂದರ ಪಕ್ಕ ಚಿಕ್ಕ ಮಳಿಗೆ ಖಾಲಿಯಾಯಿತು. ಒಂದು ಯಂತ್ರ, ಒಂದು ಕನ್ನಡಿ, ಒಂದು ಕುರ್ಚಿ ಹಿಡಿಸುವಷ್ಟು ಜಾಗ. ಮುಂಗಡ ನಾನೂರು ಪೌಂಡ್, ನವೆಂಬರ್ ಹದಿಮೂರು ಸೋಮವಾರದೊಳಗೆ ಕೊಡಬೇಕು, ತಪ್ಪಿದರೆ ಮೊಬೈಲ್ ರಿಪೇರಿಯವನು ಕಾದಿದ್ದಾನೆ. ಬ್ಯಾಂಕಿನವರು ಇಂಥ ಸಣ್ಣ ಸಾಲ ತಾವು ಕೊಡುವುದಿಲ್ಲ ಎಂದರು. ಅಡಿವೆಪ್ಪನ ಸಂಬಳ ಬಾಡಿಗೆಗೂ ಹುಬ್ಬಳ್ಳಿಗೂ ಹಂಚಿಹೋಗುತ್ತಿತ್ತು. ಇಂದು ನಮ್ಮ ನಿಧಿಗೇ ಅರ್ಜಿ ಹಾಕಿದಳು. ಸಣ್ಣ ಸಾಲ, ಹೆಣ್ಣುಮಗಳು, ಹೊಲಿಗೆ ಯಂತ್ರ. ನಮ್ಮ ಕರಪತ್ರದಲ್ಲಿದ್ದುದೆಲ್ಲ ಅವಳಲ್ಲಿತ್ತು.

ಮಹಾಲಿಂಗಪ್ಪನವರು ಅರ್ಜಿಯನ್ನು ಎಕ್ಸ್‌ರೇ ಹಿಡಿದಂತೆ ಬೆಳಕಿಗೆ ಹಿಡಿದು ನೋಡಿದರು. "ನೋಡವಾ ತಂಗಿ, ನೀ ನಮ್ಮ ಕಡೇಕಿ, ಕೊಡಬಾರದು ಅಂತಲ್ಲ. ಆದ್ರ ರೂಲ್ಸಿನಾಗ ಫಲಾನುಭವಿ ಇಂಡಿಯಾದಾಗ ಇರಬೇಕು ಅಂತೈತಿ."

"ಹಂಗಾರ ಹುಬ್ಬಳ್ಳಿಗೆ ಹೋಗಿ ಅರ್ಜಿ ಹಾಕ್ಲೇನ್ರೀ ಸಾಹೇಬ್ರ?"

ಅವರು ಜೋರಾಗಿ ನಕ್ಕರು. ಒಳ್ಳೆಯ ಜೋಕು ಎಂದು ಮುಂದಿನ ಸಭೆಯಲ್ಲೂ ಹೇಳಿದರು.

ಆ ವಾರ ಇಂದು ನಮ್ಮ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತಳು. "ಬ್ಯಾರೆಯವ್ರ ರೊಕ್ಕ ಕೇಳಾಕ ಹೋಗಿಲ್ರಿ ಅಕ್ಕಾರ. ನಂದs ನನಗ ಬಂದ್ರ ಸಾಕಾಗಿತ್ತು," ಎಂದಳು. ಈ ಪಿನ್ನರ್ ಹೆಂಗಸರಿಗೆ ನಾಚಿಕೆ ಎಂಬುದಿಲ್ಲ ಎಂದು ಒಂದು ಗಂಟೆ ಬೈದೆ. ಎರಡು ಸಲ ಕಾಫಿ ಮಾಡಿಕೊಟ್ಟೆ. ಹೋಗುವಾಗ ಕೋಡುಬಳೆ ಕಟ್ಟಿಕೊಟ್ಟೆ.

ನವೆಂಬರ್ ಹನ್ನೊಂದರ ಶನಿವಾರ ನಿಧಿಯ ವಾರ್ಷಿಕ ಭೋಜನ. ಶಾಲೆಯೊಂದರ ಸಭಾಂಗಣ, ತಲೆಗೆ ಮೂವತ್ತು ಪೌಂಡ್ ಟಿಕೆಟ್, ನೂರೆಂಬತ್ತು ಜನ. ಪ್ರತಿ ವರ್ಷ ಸ್ಲೈಡ್ ನೋಡಿ ಜನ ಆಕಳಿಸುತ್ತಾರೆಂದು ಈ ಸಲ ವೈದೇಹಿ ಹೊಸ ಯೋಚನೆ ಮಾಡಿದ್ದಳು. ಹಳ್ಳಿಯ ಮಹಿಳಾ ಸಂಘದ ಕಂತಿನ ಸಭೆಯನ್ನೇ ವೇದಿಕೆಯ ಮೇಲೆ ನಡೆಸಿ ತೋರಿಸುವುದು. ಸಮಿತಿಯ ಏಳು ಜನ ಹಳ್ಳಿಯ ಹೆಂಗಸರಾಗಿ ಜಮಖಾನದ ಮೇಲೆ ಕೂರುವುದು, ಪುಸ್ತಕ ಬರೆಯುವವಳಾಗಿ ಇಂದು.

"ಖರೇನ ಮಾಡಿದಂಗ ಮಾಡಬೇಕೇನ್ರಿ, ಸುಮ್ಮ ತೋರಸೂದೇನ್ರಿ?" ಎಂದು ಇಂದು ಕೇಳಿದಳು.

"ರಿಯಲ್ ಆಗಿರ್ಲಿ ಇಂದು, ಜನಕ್ಕೆ ಫೀಲ್ ಆಗ್ಬೇಕು. ನಿನ್ನ ಹತ್ರ ಯಾವ್ದಾದ್ರೂ ಲೆಕ್ಕದ ಪುಸ್ತಕ ಇದ್ರೆ ಅದನ್ನೂ ತಾ."

ತಂದಳು. ಕೆಂಪು ರಟ್ಟಿನ ಉದ್ದನೆಯ ಪುಸ್ತಕ.

ನಾವು ಏಳು ಜನ ಹಳ್ಳಿಯ ಬಡ ಹೆಂಗಸರು ಕಂಚಿ, ಮೈಸೂರು ರೇಷ್ಮೆ ಉಟ್ಟು ಕಿಸಿಕಿಸಿ ನಗುತ್ತಾ ಜಮಖಾನದ ಮೇಲೆ ಕೂತೆವು. ಒಬ್ಬಿಬ್ಬರಿಗೆ ಮಂಡಿ ಮಡಚಲು ಬರಲಿಲ್ಲ, ಕೈಹಿಡಿದು ಕೂರಿಸಬೇಕಾಯಿತು. ವೈದೇಹಿ ಕೂತಲ್ಲಿಂದಲೇ ಮೈಕು ಹಿಡಿದು ನಿಯಮ ವಿವರಿಸಿದಳು. "ಪುಸ್ತಕದಲ್ಲಿ ಇರೋದನ್ನ ಎಲ್ಲರ ಎದುರಿಗೆ ಓದ್ತಾರೆ. ಬಾಕಿ ಇರೋರು ದುಡ್ಡನ್ನ ಮಧ್ಯದಲ್ಲಿ ಇಡ್ಬೇಕು. ಒಬ್ಬಳು ಕಟ್ಟದೇ ಇದ್ರೂ ಯಾರೂ ಏಳೋ ಹಾಗಿಲ್ಲ. ಅದೇ ಇದರ ಬ್ಯೂಟಿ!" ಜನ ಚಪ್ಪಾಳೆ ತಟ್ಟಿದರು. ಮಹಾಲಿಂಗಪ್ಪನವರು ವೀಡಿಯೊ ಹಿಡಿದಿದ್ದರು.

ಇಂದು ಪುಸ್ತಕ ಬಿಡಿಸಿದಳು. ಹಾಜರಿ ಕರೆದಳು. ಆಮೇಲೆ ಹುಬ್ಬಳ್ಳಿಯ ಓಣಿಯಲ್ಲಿ ಓದುತ್ತಿದ್ದಂತೆಯೇ, ದನಿ ಏರಿಸದೆ ಓದಿದಳು.

"ವೈದೇಹಿ ಅಕ್ಕಾರು. ಎಂಟು ಜಂಪರು. ಎರಡು ಹ್ವಾದ ಉಗಾದಿಯಾಗ, ಮೂರು ಮಗಳ ಎಂಗೇಜ್‌ಮೆಂಟಿಗೆ, ಮೂರು ದಸರಾಕ್ಕ. ತೊಂಬತ್ತಾರು ಪೌಂಡ. ಹಸಿರಂದು ಇವತ್ತ ಮೈಮ್ಯಾಲ ಐತ್ರಿ."

ಸಭೆ ನಕ್ಕಿತು, ಇದೂ ನಾಟಕದ ಭಾಗವೆಂದುಕೊಂಡು. ವೈದೇಹಿಯ ಕೈ ತಾನಾಗಿ ಸೆರಗನ್ನು ಎಳೆದು ತೋಳಿನ ಮೇಲೆ ಹೊದ್ದುಕೊಂಡಿತು. ಎರಡನೆಯ ಹೆಸರಿಗೆ ನಗು ಕಡಿಮೆಯಾಯಿತು. ಮೂರನೆಯದಕ್ಕೆ ಹಿಂದಿನ ಸಾಲಿನವರು ಎದ್ದು ನಿಂತು ನೋಡತೊಡಗಿದರು. ನನಗಂತೂ ಹಬ್ಬ. ಒಬ್ಬೊಬ್ಬರ ಮುಖ ಸಣ್ಣದಾಗುವುದನ್ನು ಓರೆಗಣ್ಣಿನಲ್ಲಿ ನೋಡುತ್ತಾ, ಮನೆಗೆ ಹೋಗಿ ಗಂಡನಿಗೆ ಯಾವುದನ್ನು ಮೊದಲು ಹೇಳಲಿ ಎಂದು ಲೆಕ್ಕ ಹಾಕುತ್ತಿದ್ದೆ.

"ಮೀರಾ ಅಕ್ಕಾರು," ಎಂದಳು ಇಂದು. "ಮೂರು ಜಂಪರು. ಜೂನ್ ತಿಂಗಳದ್ದು. ಮೂವತ್ತಾರು ಪೌಂಡ."

ಮೀರಾ ಎಂದರೆ ನಾನು. ಅವಳ ಕಷ್ಟ ಕೇಳಿದವಳು, ಕೋಡುಬಳೆ ಕಟ್ಟಿಕೊಟ್ಟವಳು. ನಂಬಿ ಬಿಡಿ, ನನಗೆ ಮರೆತೇ ಹೋಗಿತ್ತು. ಅವಳು ನನ್ನ ಸ್ಟೂಲಿನ ಮೇಲೆ ಕೂತು ನಂದೇ ನನಗೆ ಬಂದರೆ ಸಾಕಿತ್ತು ಎಂದು ಅತ್ತಾಗಲೂ ನೆನಪಾಗಿರಲಿಲ್ಲ. ಆ ವೇದಿಕೆಯ ಮೇಲೆ ನನಗಾದಷ್ಟು ನಾಚಿಕೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

"ಒಟ್ಟು ಮೂವತ್ತನಾಲ್ಕು ಜಂಪರು. ನಾನೂರಾ ಎಂಟು ಪೌಂಡ," ಎಂದು ಇಂದು ಪುಸ್ತಕ ಮುಚ್ಚಿ, ಸೆರಗಿನ ತುದಿಯನ್ನು ಜಮಖಾನದ ನಡುವೆ ಹಾಸಿದಳು. "ರೊಕ್ಕ ಬರೂತನಕ ಯಾರೂ ಏಳಬಾರದ್ರಿ. ಅಕ್ಕಾರs ಹೇಳ್ಯಾರ."

ಯಾರೂ ಏಳಲಿಲ್ಲ. ನೂರೆಂಬತ್ತು ಜನರ ಎದುರು ಎದ್ದು ಹೋಗುವ ಎದೆಗಾರಿಕೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ರೇಷ್ಮೆ ಉಟ್ಟವರ ಪರ್ಸಿನಲ್ಲಿ ಲಿಪ್‌ಸ್ಟಿಕ್ಕು ಬಿಟ್ಟರೆ ಕಾರ್ಡು. ಗಂಡಂದಿರು ಜೇಬು ತಡಕಿದರು. ಪಾರ್ಕಿಂಗಿನ ಚಿಲ್ಲರೆ ಸಿಕ್ಕಿತು. ಹಿಂದೆ ಬಿಸಿಬೇಳೆಬಾತು ಆರುತ್ತಿತ್ತು, ಮಕ್ಕಳು ಹಸಿವೆಂದು ರಾಗ ಎಳೆಯುತ್ತಿದ್ದರು. ಕೊನೆಗೆ ಮಹಾಲಿಂಗಪ್ಪನವರು ಕ್ಯಾಮೆರಾ ಕೆಳಗಿಟ್ಟು, ಬಾಗಿಲಲ್ಲಿದ್ದ ದೇಣಿಗೆಯ ಡಬ್ಬಿ ತಂದು ಬೀಗ ತೆಗೆದರು. ಗದಗಿನ ಬಡವರಿಗೆಂದು ಹಾಕಿದ ನೋಟುಗಳಲ್ಲಿ ನಾನೂರ ಎಂಟು ಎಣಿಸಿ ಸೆರಗಿಗೆ ಹಾಕಿದರು. "ಸದ್ಯಕ್ಕ ನಿಧಿಯಿಂದ ಸಾಲ ಅಂತ ಬರಕೋತೀನಿ," ಎಂದು ನಮ್ಮ ಕಡೆ ತಿರುಗಿ ಮೆಲ್ಲಗೆ ಹೇಳಿದರು.

ಹಾಗೆ ನಮ್ಮ ನಿಧಿ ತನ್ನ ರೂಲ್ಸು ಮುರಿದು ಪಿನ್ನರ್‌ನ ಏಳು ಜನ ಹೆಂಗಸರಿಗೆ ಸಣ್ಣ ಸಾಲ ಕೊಟ್ಟಿತು. ಇಂದು ಸೆರಗು ಗಂಟು ಕಟ್ಟಿಕೊಂಡು, ಊಟಕ್ಕೂ ನಿಲ್ಲದೆ, ಬಸ್ಸಿಗೆ ಹೋದಳು. ಸೋಮವಾರ ಮಳಿಗೆ ಅವಳದಾಯಿತು. ವೈದೇಹಿ ಮತ್ತೆ ಅವಳಲ್ಲಿ ಹೊಲಿಸಲಿಲ್ಲ; ಗುಜರಾತಿಗಳು, ತಮಿಳರು ಬಂದರು, ಎರಡನೆಯ ಯಂತ್ರವೂ ಬಂತು.

ನಾನು ಹೊಸ ಬಟ್ಟೆ ಹಿಡಿದು ಅಲ್ಲಿಗೆ ಹೋದದ್ದು ತಿಂಗಳಾದ ಮೇಲೆ. ಇಂದು ಕುರ್ಚಿ ಕೊಟ್ಟಳು, ಚಹಾ ತರಿಸಿದಳು, ಅಳತೆಯ ಟೇಪನ್ನು ಮಾತ್ರ ಕೊರಳಿನಿಂದ ತೆಗೆಯಲಿಲ್ಲ. "ಮೊದಲ ರೊಕ್ಕ ಅಕ್ಕಾರ," ಎಂದಳು. ಕೊಟ್ಟೆ.

ಗದಗಿನ ಇಪ್ಪತ್ತು ಹೆಂಗಸರು ಹೊಲಿಸುವವರಿಲ್ಲದೆ ಯಂತ್ರ ಮಾರಿ, ಕೂಲಿ ಮಾಡಿ, ಸಾಲದ ಕೊನೆಯ ಕಂತನ್ನು ಆ ಡಿಸೆಂಬರ್‌ನಲ್ಲೇ ಕಟ್ಟಿ ಮುಗಿಸಿದರು. ಪಿನ್ನರ್‌ನ ಏಳು ಸಾಲಗಳಲ್ಲಿ ಮೂರು ಇನ್ನೂ ಬಾಕಿ ಇವೆ ಎಂದು ಮಹಾಲಿಂಗಪ್ಪನವರು ಸಿಕ್ಕಾಗಲೆಲ್ಲ ಗೊಣಗುತ್ತಾರೆ. ನನ್ನ ಮೂವತ್ತಾರು ಪೌಂಡನ್ನು ಮರುದಿನವೇ ಕಟ್ಟಿದೆ ಎಂದು ಬರೆಯಲು ನನಗೂ ಆಸೆಯಿದೆ. ಕಟ್ಟಿದ್ದು ಮಾರ್ಚ್‌ನಲ್ಲಿ, ಅವರು ಎರಡು ಸಲ ಫೋನ್ ಮಾಡಿದ ಮೇಲೆ.