ಉಗುರಿನ ಪೊಗರು

ಕಾಲ್ಬೆರಳುಳ್ಳ ಸಮಸ್ತ ಮಹಾಜನಗಳೇ, ಚಿತ್ತವಿಟ್ಟು ಕೇಳಿ. ಕಳೆದ ವಾರ ನನ್ನ ಹೆಬ್ಬೆರಳಿನ ಉಗುರು ಪೊಗರಿನಿಂದ ಮಾಂಸದೊಳಕ್ಕೆ ಬೆಳೆಯತೊಡಗಿತು. ಇದಿನ್ನೂ ಆರಂಭ, ದಿನಾ ಬಿಸಿನೀರಿನಲ್ಲಿ ನೆನೆಸಿ ಉಗುರಿನಂಚಿನಡಿ ಚೂರು ಹತ್ತಿ ಸಿಕ್ಕಿಸಿದರೆ ಸಾಕು ಎಂದರು ಡಾಕ್ಟರು.

ಇಂದು ಸಂಜೆ ರಾಂಚೊ ಬರ್ನಾರ್ಡೊ ಎಂಬ ಈ ಪರದೇಶದ ಊರಿನ ನಮ್ಮ ಹಿತ್ತಲಿನಲ್ಲಿ ಟಬ್ಬಿಗೆ ಕಾಲಿಳಿಸಿ ಕೂತಿದ್ದೆ. ಫ್ರೀವೇ ಮೇಲಿನ ಕಾರುಗಳ ಸದ್ದು ದೂರದ ಹೊಳೆಯಂತೆ ಕೇಳುತ್ತಿತ್ತು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಮನೆಯಲ್ಲಿ ಹತ್ತಿ ಮುಗಿದಿತ್ತು. ಹೆಂಡತಿ ದೇವರ ದೀಪಕ್ಕೆ ಮಾಡಿಟ್ಟಿದ್ದ ಹೂಬತ್ತಿಯನ್ನೇ ತಂದಳು.

ಮಗಳು ಬಗ್ಗಿ ನೋಡಿ, "ಅಮ್ಮಾ, ಆರ್ ಯು ಗೋಯಿಂಗ್ ಟು ಲೈಟ್ ಹಿಮ್?" ಎಂದಳು.

"ಸುಮ್ನಿರೇ!" ಎನ್ನುತ್ತಾ ಹೆಂಡತಿ ನನ್ನ ಪಾದವನ್ನು ಮಡಿಲಿಗೆತ್ತಿಕೊಂಡಳು. "ರೀ, ಊತ ಇಳಿದಿದೆಯಲ್ರೀ? ನಾಳೆಯಿಂದ ಬಿಸಿನೀರು ಬೇಡ ಅನ್ಸತ್ತೆ."

ಎದೆ ಧಸಕ್ಕೆಂದಿತು. "ಅಯ್ಯೋ, ಒಳಗೊಳಗೇ ಚುಚ್ತಾ ಇದೆ ಕಣೇ" ಎಂದು ಮುಖ ಕಿವುಚಿದೆ.

ಪಾಪ, ನಂಬಿದಳು. ಕಾಲನ್ನು ಮತ್ತೆ ಟಬ್ಬಿಗಿಳಿಸಿ, ಇನ್ನೊಂದು ಚೊಂಬು ಬಿಸಿನೀರು ಸುರಿದು, ಬೆರಳದ್ದಿ ಹದ ನೋಡಿ, ಪಕ್ಕದಲ್ಲೇ ಕೂತಳು. ಇಬ್ಬರೂ ಆಕಾಶ ಕೆಂಪಾಗುವುದನ್ನು ನೋಡಿದೆವು.

ನಿಜ ಹೇಳಿಬಿಡುತ್ತೇನೆ. ನೋವು ಮೊನ್ನೆಯೇ ಹೋಗಿದೆ. ನಾವಿಬ್ಬರೂ ಹೀಗೆ ಸುಮ್ಮನೆ ಕೂತು ಎಷ್ಟು ವರ್ಷವಾಗಿತ್ತೋ!